ಕಲ್ಲಿನೆದುರಿನ ಮಾತು: ಸಂಜೆಯ ಇತಿಹಾಸೋಪನ್ಯಾಸಗಳನ್ನು ಕುರಿತು

ಸೊಲ್ಲಾಪುರ, ಅಕ್ಕಲಕೋಟ ಪರಿಸರದ ಕನ್ನಡಿಗರಾದ ನಾವು ಓದಿದ ಪುಸ್ತಕಗಳಿಗಿಂತ ಕೇಳಿದ ಉಪನ್ಯಾಸಗಳೇ ಹೆಚ್ಚು. ಕನ್ನಡ ಪುಸ್ತಕ ನಮ್ಮೂರಿಗೆ ಬರಬೇಕಾದರೆ ವಿಜಯಪುರದಿಂದಲೋ ಕಲಬುರಗಿಯಿಂದಲೋ ಯಾರಾದರೂ ತರಬೇಕು. ಉಪನ್ಯಾಸಕ್ಕಾದರೆ ಒಂದು ಸಭಾಗೃಹ, ನಾಲ್ಕು ಸಾಲು ಕುರ್ಚಿ, ಒಬ್ಬ ಬಲ್ಲವರು ಇದ್ದರೆ ಸಾಕು. ಹೀಗಿದ್ದರೂ ನಮ್ಮ ಸಾಹಿತ್ಯ ವಿಮರ್ಶೆ ಉಪನ್ಯಾಸವೆಂಬ ಪ್ರಕಾರದ ಕಡೆಗೆ ತಿರುಗಿ ನೋಡಿದ್ದು ಕಡಿಮೆ. ಕಾದಂಬರಿಗೆ ವಿಮರ್ಶೆಯುಂಟು, ಕವನಸಂಕಲನಕ್ಕೆ ಉಂಟು, ನಾಟಕ ನೋಡಿ ಬಂದವರೂ ಅದರ ಗುಣದೋಷಗಳನ್ನು ದಾರಿಯುದ್ದಕ್ಕೂ ಎಣಿಸುತ್ತಾರೆ. ಉಪನ್ಯಾಸಕ್ಕೆ ಮಾತ್ರ ವಂದನಾರ್ಪಣೆಯೇ ವಿಮರ್ಶೆ. ಹಾರ, ಶಾಲು, ಫಲಪುಷ್ಪಗಳಲ್ಲಿ ಅದರ ಗುಣವಿಚಾರ ಮುಗಿದುಹೋಗುತ್ತದೆ. ಸ್ಥಳೀಯ ಇತಿಹಾಸವನ್ನು ಕುರಿತ ಸಂಜೆಯ ಉಪನ್ಯಾಸಗಳನ್ನು, ವಿಶೇಷವಾಗಿ ವಸ್ತುಸಂಗ್ರಹಾಲಯದ ಆಶ್ರಯದಲ್ಲಿ ನಡೆಯುವ ಅಥವಾ ನಡೆಯಬೇಕಾದ ಉಪನ್ಯಾಸಮಾಲೆಯನ್ನು, ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ಈ ಲೇಖನದಲ್ಲಿ ವಿಚಾರಿಸಬಯಸುತ್ತೇವೆ.

ಈ ಪ್ರಕಾರಕ್ಕೆ ನಮ್ಮಲ್ಲಿ ಎರಡು ಮೂಲಗಳಿವೆ. ಒಂದು, ಮರಾಠಿಯಿಂದ ಬಂದ ವ್ಯಾಖ್ಯಾನಮಾಲೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು 1875ರಲ್ಲಿ ಪುಣೆಯಲ್ಲಿ ಆರಂಭಿಸಿದ ವಸಂತ ವ್ಯಾಖ್ಯಾನಮಾಲೆ ಬೇಸಿಗೆಯ ಸಂಜೆಗಳನ್ನು ಲೋಕಶಿಕ್ಷಣಕ್ಕೆ ಮೀಸಲಾಗಿಟ್ಟಿತು. ಸಾಲೆ ಕಾಲೇಜುಗಳ ಹೊರಗಿದ್ದ ಗೃಹಸ್ಥನೂ ಅರ್ಥಶಾಸ್ತ್ರ, ಇತಿಹಾಸ, ಸಮಾಜಸುಧಾರಣೆಗಳ ಮಾತನ್ನು ಕೇಳಿ ಮನೆಗೆ ಹೋಗಬೇಕೆಂಬುದು ಅದರ ಉದ್ದೇಶ. ಆ ಮಾದರಿ ಮಹಾರಾಷ್ಟ್ರದ ಊರೂರುಗಳಲ್ಲಿ ಬೇರು ಬಿಟ್ಟಿತು. ಕನ್ನಡದಲ್ಲಿ ಇದರ ಜೊತೆಗೆ ನೆನೆಯಬೇಕಾದದ್ದು 1890ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ. ಅಲ್ಲಿ ಬೆಳೆದ ದತ್ತಿ ಉಪನ್ಯಾಸಗಳ ಪದ್ಧತಿಯನ್ನು ಅನೇಕ ಸಂಘಗಳು ಅನುಸರಿಸಿವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಸೊಲ್ಲಾಪುರ, ವಿಜಯಪುರ, ಧಾರವಾಡ ಮೂರೂ ಮುಂಬಯಿ ಪ್ರಾಂತದೊಳಗಿದ್ದವಾದ್ದರಿಂದ ಪುಣೆಯ ಗಾಳಿ, ಧಾರವಾಡದ ಗಾಳಿ ಎರಡೂ ನಮ್ಮ ಅಂಗಳದಲ್ಲಿ ಬೀಸಿದವು.

ಎರಡನೆಯ ಮೂಲ ಇದಕ್ಕಿಂತ ಬಹಳ ಹಳೆಯದು. ಶ್ರಾವಣಮಾಸದಲ್ಲಿ ಮಠಗಳಲ್ಲಿ ನಡೆಯುವ ಪುರಾಣ ಪ್ರವಚನ, ಮರಾಠಿ ನೆರೆಹೊರೆಯವರ ಕೀರ್ತನ, ಇವುಗಳೇ ನಮ್ಮ ಕಿವಿಗಳನ್ನು ಪಳಗಿಸಿದ ಪಾಠಶಾಲೆಗಳು. ತಿಂಗಳುಗಟ್ಟಲೆ ಒಂದೇ ಕಥೆಯನ್ನು ಕೇಳುವ ತಾಳ್ಮೆ ನಮಗೆ ಬಂದದ್ದು ಅಲ್ಲಿಂದ. ಪ್ರವಚನಕಾರನು ಉಪಕಥೆಯಿಂದ ಮೂಲಕಥೆಗೆ ಮರಳುವ ಚಾತುರ್ಯವನ್ನು ಅಕ್ಷರ ಬಾರದ ಅಜ್ಜಿಯೂ ಗುರುತಿಸಬಲ್ಲಳು. ಆದರೆ ಪ್ರವಚನಕ್ಕೂ ಇತಿಹಾಸೋಪನ್ಯಾಸಕ್ಕೂ ಮೂಲದಲ್ಲಿಯೇ ಒಂದು ವ್ಯತ್ಯಾಸವಿದೆ. ಪ್ರವಚನದ ಪ್ರಮಾಣ ಶ್ರೋತೃವಿನ ಶ್ರದ್ಧೆಯಲ್ಲಿದೆ. ಆ ಶ್ರದ್ಧೆಯನ್ನು ಬಲಪಡಿಸಿದರೆ ಪ್ರವಚನಕಾರನ ಕೆಲಸ ಸಂದಂತೆ. ಇತಿಹಾಸೋಪನ್ಯಾಸದ ಪ್ರಮಾಣ ಸಭಾಗೃಹದ ಹೊರಗೆ, ಮಳೆ ಬಿಸಿಲುಗಳಲ್ಲಿ ನಿಂತಿರುವ ಕಲ್ಲಿನಲ್ಲಿ, ದಫ್ತರದ ಕಾಗದದಲ್ಲಿ, ಗಾಜಿನ ಪೆಟ್ಟಿಗೆಯ ಖಡ್ಗದಲ್ಲಿದೆ. ಶ್ರೋತೃ ಅಲ್ಲಿಗೆ ಹೋಗಿ, ಹೇಳಿದ್ದು ನಿಜವೋ ಅಲ್ಲವೋ ಎಂದು ನೋಡಿ ಬರಬಹುದು. ಹಾಗೆ ನೋಡಿ ಬರುವಷ್ಟು ಶಕ್ತಿಯನ್ನು ಶ್ರೋತೃವಿಗೆ ಕೊಡುವುದೇ ಇತಿಹಾಸೋಪನ್ಯಾಸದ ಸಾರ್ಥಕತೆಯೆಂದು ನಮ್ಮ ಅಭಿಪ್ರಾಯ. ಕೇಳಿದವನು ಚಪ್ಪಾಳೆ ತಟ್ಟಿ ಮನೆಗೆ ಹೋದರೆ ಅರ್ಧ ಕೆಲಸ. ಮರುದಿನ ಕಲ್ಲಿನೆದುರು ಹೋಗಿ ನಿಂತರೆ ಪೂರ್ಣ ಕೆಲಸ.

ವಸ್ತುಸಂಗ್ರಹಾಲಯಕ್ಕೂ ಉಪನ್ಯಾಸಕ್ಕೂ ಇರುವ ಸಂಬಂಧ ಹುಟ್ಟುವುದು ಇಲ್ಲಿಯೇ. ಸಂಗ್ರಹಾಲಯವು ಉಪನ್ಯಾಸಕ್ಕೆ ಜಾಗ ಕೊಡುವ ಕಟ್ಟಡವಷ್ಟೇ ಆದರೆ ಮದುವೆ ಕಾರ್ಯಾಲಯಕ್ಕೂ ಅದಕ್ಕೂ ಭೇದವಿಲ್ಲ. ಅದು ಉಪನ್ಯಾಸಕ್ಕೆ ಸಾಕ್ಷಿಯಾಗಬೇಕು. ವಕ್ತಾರನ ಮಾತು ಹದ್ದು ಮೀರಿದಾಗ ಪಕ್ಕದಲ್ಲಿರುವ ವಸ್ತು ಅದನ್ನು ತಡೆಯಬೇಕು. 1939ರಲ್ಲಿ ಮುಂಬಯಿ ಸರಕಾರ ಧಾರವಾಡದಲ್ಲಿ ಸ್ಥಾಪಿಸಿದ ಕನ್ನಡ ಸಂಶೋಧನ ಸಂಸ್ಥೆ ಈ ದೃಷ್ಟಿಯಿಂದ ನಮಗೆ ಹತ್ತಿರದ ಮಾದರಿ. ಆರ್. ಎಸ್. ಪಂಚಮುಖಿಯವರು ಮೊದಲ ನಿರ್ದೇಶಕರಾಗಿದ್ದ ಆ ಸಂಸ್ಥೆಯಲ್ಲಿ ಶಾಸನಗಳ ಶೋಧ, ಶಿಲ್ಪ ಮತ್ತು ಹಸ್ತಪ್ರತಿಗಳ ಸಂಗ್ರಹ, ವಿದ್ವಾಂಸರ ಉಪನ್ಯಾಸ, ಅವುಗಳ ಪ್ರಕಟಣೆ ಒಂದೇ ಸೂರಿನಡಿ ಬಂದವು. ಮಾತು, ವಸ್ತು, ಪುಸ್ತಕ ಮೂರೂ ಒಂದರ ಬೆನ್ನಿಗೊಂದು ನಿಂತಾಗ ಮಾತ್ರ ಉಪನ್ಯಾಸಕ್ಕೆ ಸಂಜೆಯಾಚೆಗಿನ ಆಯುಷ್ಯ ಬರುತ್ತದೆ.

ನಮ್ಮ ಪರಿಸರದಲ್ಲಿ ಸಂಗ್ರಹಾಲಯವೆಂದರೆ ಯಾವುದು? ಅಕ್ಕಲಕೋಟದ ಅರಮನೆಯ ಶಸ್ತ್ರಾಗಾರವನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೇವೆ. ಸೊಲ್ಲಾಪುರದಲ್ಲಿ ಹುಟ್ಟಿ, 1938ರಲ್ಲಿ ಚೀನಾಕ್ಕೆ ಹೋಗಿ, ಅಲ್ಲಿನ ಗಾಯಾಳುಗಳ ಸೇವೆಯಲ್ಲಿಯೇ 1942ರಲ್ಲಿ ದೇಹವಿಟ್ಟ ಡಾ. ದ್ವಾರಕಾನಾಥ ಕೋಟ್ನೀಸರ ಸ್ಮಾರಕ ನಗರದಲ್ಲಿದೆ. ಇವುಗಳ ಹೊರಗೆ, ಗೋಡೆಯೂ ಬಾಗಿಲೂ ಇಲ್ಲದ ಇನ್ನೊಂದು ಸಂಗ್ರಹಾಲಯ ಜಿಲ್ಲೆಯ ತುಂಬ ಹರಡಿದೆ: ಸಿದ್ಧರಾಮನ ಕೆರೆ ಮತ್ತು ಗದ್ದುಗೆ, ಸೊಲ್ಲಾಪುರದ ಕೋಟೆ, ಭೀಮಾ ಮತ್ತು ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲ, ಪಂಢರಪುರದ ದೇವಾಲಯ, ಊರೂರ ಅಗಸೆಯ ಬಳಿ ನಿಂತ ವೀರಗಲ್ಲುಗಳು. ನಮ್ಮ ಉಪನ್ಯಾಸಗಳು ಈ ಸಂಗ್ರಹಾಲಯವನ್ನು ಹೇಗೆ ಬಳಸಿಕೊಂಡಿವೆ ಎಂದು ನೋಡಿದರೆ ಮೂರು ದೋಷಗಳು ಎದ್ದು ಕಾಣುತ್ತವೆ.

ಮೊದಲನೆಯದು, ವಸ್ತುವಿಲ್ಲದ ಮಾತು. ಕೆಲವು ವರ್ಷಗಳ ಹಿಂದೆ ಶಾಸನಗಳನ್ನು ಕುರಿತ ಒಂದು ಸಂಜೆಯ ಉಪನ್ಯಾಸಕ್ಕೆ ನಾವು ಮನೆಮಂದಿಯೆಲ್ಲ ಹೋಗಿದ್ದೆವು. ವಕ್ತಾರರು ವಿದ್ವಾಂಸರು, ಅದರಲ್ಲಿ ಸಂಶಯವಿಲ್ಲ. ಒಂದೂವರೆ ತಾಸು ಚಾಲುಕ್ಯ ಚಕ್ರವರ್ತಿಗಳ ಬಿರುದಾವಳಿ ಸಭಾಗೃಹದಲ್ಲಿ ಮೊಳಗಿತು. ಒಂದು ಪಡಿಯಚ್ಚು, ಒಂದು ಛಾಯಾಚಿತ್ರ, ಕೊನೆಗೆ ಹಲಗೆಯ ಮೇಲೆ ಬರೆದ ಒಂದು ಹಳಗನ್ನಡ ಅಕ್ಷರ ಕೂಡ ಕಾಣಲಿಲ್ಲ. ಮನೆಗೆ ಮರಳುವಾಗ ಹತ್ತು ವರ್ಷದ ಮೊಮ್ಮಗಳು, “ಅಜ್ಜಾ, ಆ ಕಲ್ಲು ಎಲ್ಲಿ ಅದ? ನಾವು ನೋಡಬಹುದಾ?” ಎಂದು ಕೇಳಿದಳು. ನಮಗೆ ಉತ್ತರ ಗೊತ್ತಿರಲಿಲ್ಲ. ಮರುದಿನ ವಿಚಾರಿಸಿದಾಗ, ಉಪನ್ಯಾಸದಲ್ಲಿ ಹೆಸರಿಸಿದ ಕಲ್ಲುಗಳಲ್ಲಿ ಒಂದು ಸಭಾಗೃಹದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿಯೇ ಇತ್ತೆಂದು ತಿಳಿಯಿತು. ನಾವು ಅಲ್ಲಿಗೆ ಹೋದೆವು. ಮಗು ಕಲ್ಲಿನ ಮೇಲೆ ಬೆರಳಾಡಿಸಿ ಒಂದು ‘ರ’ಕಾರವನ್ನು ತಾನೇ ಗುರುತಿಸಿತು. ಆ ಒಂದು ಅಕ್ಷರ ಒಂದೂವರೆ ತಾಸಿನ ಬಿರುದಾವಳಿಗಿಂತ ಆಳವಾಗಿ ಅವಳ ಮನಸ್ಸಿನಲ್ಲಿ ಇಳಿಯಿತೆಂದು ಹೇಳಲು ನಮಗೆ ಸಂಕೋಚವಿಲ್ಲ. ಇದು ಒಬ್ಬ ವಕ್ತಾರರ ತಪ್ಪಲ್ಲ. ಉಪನ್ಯಾಸವೆಂದರೆ ಕಿವಿಯ ವ್ಯವಹಾರ, ಕಣ್ಣಿಗೆ ಅಲ್ಲಿ ಕೆಲಸವಿಲ್ಲ ಎಂದು ಸಂಘಟಕರೂ ಶ್ರೋತೃಗಳೂ ಕೂಡಿಯೇ ಒಪ್ಪಿಕೊಂಡುಬಿಟ್ಟಿದ್ದೇವೆ.

ಅಕ್ಕಲಕೋಟದ ಶಸ್ತ್ರಾಗಾರದ ವಿಷಯದಲ್ಲಿ ಈ ದೋಷ ಬೇರೊಂದು ರೂಪದಲ್ಲಿ ಬರುತ್ತದೆ. ಅಲ್ಲಿ ವಸ್ತುವಿದೆ, ಮಾತಿಲ್ಲ. ಖಡ್ಗ, ಗುರಾಣಿ, ಬಂದೂಕುಗಳನ್ನು ನೋಡುತ್ತ ನಡೆಯುವ ಯಾತ್ರಿಕ, ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಬಂದವನು, ಅರ್ಧ ತಾಸಿನಲ್ಲಿ ಹೊರಗೆ ಬರುತ್ತಾನೆ. ಆದರೆ ಆ ಒಂದೊಂದು ಆಯುಧವೂ ಒಂದು ಸಂಜೆಯ ಉಪನ್ಯಾಸಕ್ಕೆ ಸಾಕಾಗುವಷ್ಟು ಪ್ರಶ್ನೆಗಳನ್ನು ಇಟ್ಟುಕೊಂಡಿದೆ. ಭೋಸಲೆ ಮನೆತನದ ಈ ಸಂಸ್ಥಾನದಲ್ಲಿ ಆಳಿದವರ ಮನೆಮಾತು ಮರಾಠಿ. ಹೊಲ ಉತ್ತ ರೈತರಲ್ಲಿ ಬಹುಮಂದಿಯದು ಕನ್ನಡ. ಹೀಗಿರುವಾಗ ಆ ಬಂದೂಕನ್ನು ಹೊತ್ತ ಸಿಪಾಯಿ ಯಾವ ಮಾತಿನಲ್ಲಿ ಆಜ್ಞೆ ಕೇಳಿದ, ಯಾವ ಮಾತಿನಲ್ಲಿ ಮನೆಗೆ ಸುದ್ದಿ ಹೇಳಿ ಕಳಿಸಿದ? ಆಯುಧಕ್ಕೆ ತಗುಲಿದ ವೆಚ್ಚ ಯಾವ ಊರಿನ ಕಂದಾಯದಿಂದ ಬಂತು? ಕತ್ತಿಯ ಹೊಳಪನ್ನು ಹೊಗಳುವ ಉಪನ್ಯಾಸಕ್ಕಿಂತ ಇಂಥ ಪ್ರಶ್ನೆಗಳನ್ನು ಎತ್ತುವ ಉಪನ್ಯಾಸ ಸ್ಥಳೀಯ ಇತಿಹಾಸವೆಂಬ ಹೆಸರಿಗೆ ಹೆಚ್ಚು ಅರ್ಹ. ಏಕೆಂದರೆ ಅದರಲ್ಲಿ ಅರಸನ ಜೊತೆಗೆ ಶ್ರೋತೃವಿನ ಮುತ್ತಜ್ಜನಿಗೂ ಸ್ಥಾನವಿರುತ್ತದೆ.

ಎರಡನೆಯ ದೋಷ, ಕಲ್ಲನ್ನು ಗಡಿಕಲ್ಲಾಗಿ ಮಾಡಿಕೊಳ್ಳುವುದು. ಹತ್ತರಸಂಗ ಕೂಡಲದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇದು ಬಸವಣ್ಣನವರ ಕೂಡಲಸಂಗಮವಲ್ಲ. ಆ ಸಂಗಮ ಕೃಷ್ಣಾ ಮತ್ತು ಮಲಪ್ರಭೆಗಳದು, ಇದು ಭೀಮಾ ಮತ್ತು ಸೀನಾ ನದಿಗಳದು. ಹೆಸರು ಮಾತ್ರ ಎರಡು ಕಡೆಯೂ ‘ಕೂಡು’ ಎಂಬ ಕನ್ನಡ ಧಾತುವಿನಿಂದಲೇ ಬಂದಿದೆ. ಇಲ್ಲಿಯ ಸಂಗಮೇಶ್ವರ ದೇವಾಲಯದಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ, ಒಂದು ಶಾಸನವಿದೆ. ಕಾಲನಿರ್ದೇಶವಿರುವ ಅತ್ಯಂತ ಹಳೆಯ ಮರಾಠಿ ಬರೆಹಗಳ ಸಾಲಿನಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಅದೇ ಪರಿಸರದಲ್ಲಿ ಸಣ್ಣ ಸಣ್ಣ ಮುಖಗಳನ್ನು ಮೈತುಂಬ ಕಡೆದಿರುವ ಅಪೂರ್ವ ಶಿವಲಿಂಗವೂ ದೊರೆತಿದೆ. ಮರಾಠಿಯ ವೇದಿಕೆಯಲ್ಲಿ ಕೂಡಲವು ಆದಿ ಮರಾಠಿಯ ತವರೆಂದು ಮೆರೆಯುತ್ತದೆ. ಅದರ ಸುತ್ತ ಚಾಲುಕ್ಯರ ಆಡಳಿತ ಕನ್ನಡದಲ್ಲಿ ನಡೆಯುತ್ತಿತ್ತೆಂಬ ಮಾತು ಅಲ್ಲಿ ಬರುವುದು ಅಪರೂಪ. ನಮ್ಮ ಕನ್ನಡ ವೇದಿಕೆಗಳಲ್ಲಿ ಜಿಲ್ಲೆಯ ಕನ್ನಡ ಶಾಸನಗಳ ಸಂಖ್ಯಾಬಲವನ್ನು ಹೇಳುತ್ತೇವೆ; ಕೂಡಲದ ಆ ಮರಾಠಿ ಸಾಲಿನ ಮುಂದೆ ಮಾತ್ರ ಬೇಗ ಬೇಗ ಹೆಜ್ಜೆ ಹಾಕುತ್ತೇವೆ. ಒಂದೇ ನದೀಸಂಗಮದಲ್ಲಿ ನಿಂತು ಎರಡು ಸಭೆಗಳು ಅರ್ಧರ್ಧ ಸತ್ಯವನ್ನು ಹಂಚಿಕೊಂಡಂತೆ ಇದು.

ಕೂಡಲದ ಹಿರಿಮೆಯೆಲ್ಲ ಅದರ ಹೆಸರಿನಲ್ಲಿದೆ. ಸಾವಿರ ವರ್ಷಗಳ ಹಿಂದೆ ಇಲ್ಲಿ ಎರಡು ಭಾಷೆಗಳು ಒಂದೇ ದೇವರ ಅಂಗಳದಲ್ಲಿ ಕೂಡಿದ್ದವು, ಬರೆಸಿದವನಿಗೆ ಅದರಲ್ಲಿ ಅಸಹಜವೆನಿಸಲಿಲ್ಲ. ಈ ಮಾತನ್ನು ಹೇಳಲು ಕನ್ನಡ ಉಪನ್ಯಾಸಕನಿಗೆ ಧೈರ್ಯ ಬೇಕು, ಮರಾಠಿ ಉಪನ್ಯಾಸಕನಿಗೂ ಬೇಕು. ಶಂ. ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ಕನ್ನಡದ ಹಳೆಯ ಹರವನ್ನು ಹುಡುಕುತ್ತ ಹೋದವರು, ಅದೇ ವಿಷಯವನ್ನು ಮರಾಠಿಯಲ್ಲಿಯೂ ಬರೆದು ಮರಾಠಿ ವಿದ್ವಾಂಸರ ಮುಂದಿಟ್ಟವರು. ಮರಾಠಿಯ ರಾ. ಚಿಂ. ಢೇರೆಯವರು ವಿಠ್ಠಲನನ್ನು ಕುರಿತ ತಮ್ಮ ಮಹಾಗ್ರಂಥದಲ್ಲಿ ಪಂಢರಪುರದ ದೇವರ ಕನ್ನಡ ಸಂಬಂಧವನ್ನು ಮುಚ್ಚಿಡಲಿಲ್ಲ. ಪುಸ್ತಕದಲ್ಲಿ ಇಷ್ಟು ಔದಾರ್ಯ ಸಾಧ್ಯವಾಗಿರುವಾಗ ವೇದಿಕೆಯ ಮೇಲೆ ಏಕೆ ಸಾಧ್ಯವಾಗಬಾರದು? ಎದುರು ಕುಳಿತವರನ್ನು ಮೆಚ್ಚಿಸುವ ಒತ್ತಡ ಪುಸ್ತಕ ಬರೆಯುವವನಿಗಿಂತ ಮಾತನಾಡುವವನಿಗೆ ಹೆಚ್ಚು. ಸಾಕ್ಷಿಯಾಗಿ ವಸ್ತು ಪಕ್ಕದಲ್ಲಿರಬೇಕೆಂದು ನಾವು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ.

ಮೂರನೆಯ ದೋಷವು ನಮ್ಮ ಮಾತಿಗೇ ಸಂಬಂಧಿಸಿದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳು ಸಮ್ಮತಿ ಕಟ್ಟೆಯ ಬಳಿ ಸೇರಿದಾಗ, ಸಿದ್ಧರಾಮನ ಯೋಗದಂಡಕ್ಕೂ ಕುಂಭಾರ ಕನ್ಯೆಗೂ ನಡೆಯುವ ಸಾಂಕೇತಿಕ ವಿವಾಹದ ಅಕ್ಷತೆಯನ್ನು ಲಕ್ಷಾಂತರ ಜನ ಎರಚುತ್ತಾರೆ. ಅಲ್ಲಿ ಓದುವ ಸಮ್ಮತಿಯಲ್ಲಿ ಮತ್ತೆ ಮತ್ತೆ ಬರುವ ‘ದಿಡ್ಡಂ’ ಎಂಬ ಶಬ್ದ ಸೊಲ್ಲಾಪುರದಲ್ಲಿ ಯಾರಿಗೆ ಗೊತ್ತಿಲ್ಲ? ಮರಾಠಿಯವರು, ತೆಲುಗಿನ ಪದ್ಮಶಾಲಿಗಳು, ಉರ್ದು ಮಾತಾಡುವವರು, ಎಲ್ಲರ ಕಿವಿಗೂ ಅದು ಪರಿಚಿತ. ನಮ್ಮ ಕಿವಿಗೆ ಅದು ‘ದಿಟ’ದ ನೆಂಟನಾಗಿ ಕೇಳುತ್ತದೆ. ಆದರೆ ಈ ನೆಂಟಸ್ತನವನ್ನು ನೆರೆಹೊರೆಯವರಿಗೆ ಅವರ ಮಾತಿನಲ್ಲಿ ಹೇಳುವ ಉಪನ್ಯಾಸವನ್ನು ನಾವು ಎಷ್ಟು ಸಲ ಏರ್ಪಡಿಸಿದ್ದೇವೆ? ರಾಘವಾಂಕನ ‘ಸಿದ್ಧರಾಮ ಚಾರಿತ್ರ’ವಾಗಲಿ, ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದ ವಚನಗಳಾಗಲಿ ಈ ಊರಿನ ಬಹುಸಂಖ್ಯಾತ ಭಕ್ತರಿಗೆ ಮುಚ್ಚಿದ ಪುಸ್ತಕಗಳೇ. ನಮ್ಮ ಉಪನ್ಯಾಸಗಳು ಕನ್ನಡ ಬಲ್ಲವರಿಗೆ ಕನ್ನಡದ ಹಿರಿಮೆಯನ್ನು ಹೇಳುತ್ತವೆ. ಅದು ತವರಿನವರ ಮುಂದೆ ತವರನ್ನು ಹೊಗಳಿದಂತೆ. ಮಕ್ಕಳ ವಿಷಯದಲ್ಲಿ ಈ ದೋಷ ಇನ್ನೂ ತೀವ್ರವಾಗುತ್ತದೆ. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಕಲಿಯುವ ನಮ್ಮ ಮೊಮ್ಮಕ್ಕಳಿಗೆ ಗ್ರಾಂಥಿಕ ಕನ್ನಡದ ಉಪನ್ಯಾಸ ಅರ್ಧ ಮುಟ್ಟುತ್ತದೆ, ಅರ್ಧ ಮುಟ್ಟುವುದಿಲ್ಲ. ಅವರಿಗೆ ಬೇಸರವಾಯಿತೆಂದರೆ ನಾವು ಅಭಿಮಾನದ ಕೊರತೆಯೆಂದು ದೂರುತ್ತೇವೆ. ದೂರು ನಮ್ಮ ಕಡೆಗೆ ತಿರುಗಬೇಕಾದದ್ದು.

ಇದಕ್ಕೆ ಮಾದರಿಗಳು ನಮ್ಮ ಊರಿನಲ್ಲಿಯೇ ಇದ್ದವು. ವರಕವಿ ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಮನೆಮಾತು ಮರಾಠಿ, ಕಾವ್ಯದ ಮಾತು ಕನ್ನಡ. ಎರಡರಲ್ಲಿಯೂ ಸಭೆಯನ್ನು ಹಿಡಿದಿಡಬಲ್ಲ ವಾಗ್ಮಿ. ಅವರ ಮರಾಠಿ ಕೃತಿಯೊಂದರ ಹೆಸರೇ ‘ಸಂವಾದ’. ಇದೇ ಊರಿನಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ‘ಶ್ರೀ ಸಿದ್ಧರಾಮೇಶ್ವರ ಪುರಾಣ’ವನ್ನು ಕನ್ನಡಕ್ಕೆ ಕೊಟ್ಟರು, ಮರಾಠಿಯಲ್ಲಿಯೂ ಬರೆದರು, 1974ರ ಮಂಡ್ಯ ಸಮ್ಮೇಳನದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಎರಡು ಭಾಷೆಯಲ್ಲಿ ಮಾತಾಡಿದ್ದರಿಂದ ಇವರಿಬ್ಬರ ಕನ್ನಡಕ್ಕೆ ಯಾವ ಕುಂದೂ ಬರಲಿಲ್ಲ. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಆತಿಥ್ಯ ನೀಡಿದ ನಗರ ನಮ್ಮದೆಂಬ ಹೆಮ್ಮೆ ನಮಗಿದೆ. ಆ ಹೆಮ್ಮೆಯ ಜೊತೆಗೆ ಈ ದ್ವಿಭಾಷಾ ಪರಂಪರೆಯೂ ನಮ್ಮ ಪಾಲಿಗೆ ಬಂದ ಆಸ್ತಿಯೇ.

ವಿದ್ವತ್ತಿನ ಕ್ಷೇತ್ರದಲ್ಲಿ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವೂ ಉಂಟು. 1988ರಲ್ಲಿ ಧಾರವಾಡದಿಂದ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟವೊಂದು ಇಂಗ್ಲಿಷ್ ಹೆಸರಿನಲ್ಲಿ ಪ್ರಕಟವಾಯಿತು. ಸಂಪಾದಕರು ಇಬ್ಬರು: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರವನ್ನು ಬೋಧಿಸಿದ ಶ್ರೀನಿವಾಸ ರಿತ್ತಿಯವರು, ಸೊಲ್ಲಾಪುರದ ಆನಂದ ಕುಂಭಾರರು. ಕುಂಭಾರರು ವೃತ್ತಿಯಿಂದ ಪ್ರಾಧ್ಯಾಪಕರಲ್ಲ. ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಕಲ್ಲುಗಳನ್ನು ಹುಡುಕಿ, ಮರಾಠಿಯಲ್ಲಿ ಬರೆದ ಸಂಶೋಧಕರು. ಊರಿನ ಕಾಲು, ವಿಶ್ವವಿದ್ಯಾಲಯದ ಕಣ್ಣು, ಎರಡು ಭಾಷೆಯ ಕಿವಿ ಕೂಡಿದ್ದರಿಂದಲೇ ಆ ಸಂಪುಟ ಆಯಿತು. ಆದರೆ ಆ ಸಂಪುಟ ಪಂಡಿತರ ಕಪಾಟಿನಲ್ಲಿ ಉಳಿಯಿತು. ಅದರೊಳಗಿನ ಒಂದೊಂದು ಊರಿನ ಹೆಸರನ್ನು ಹಿಡಿದು, ಆ ಊರಿನ ಜನರನ್ನೇ ಕೂಡಿಸಿ, ನಿಮ್ಮ ಅಗಸೆಯ ಕಲ್ಲು ಹೀಗೆ ಹೇಳುತ್ತದೆಂದು ಓದಿ ತಿಳಿಸುವ ಉಪನ್ಯಾಸಮಾಲೆ ಅದರ ಬೆನ್ನಿಗೇ ನಡೆಯಬೇಕಿತ್ತು. ಶಾಸನವೆಂದರೆ ಮೂಲತಃ ಸಾರ್ವಜನಿಕ ಪ್ರಕಟಣೆ: ಯಾರು ಭೂಮಿ ಕೊಟ್ಟರು, ಗಡಿ ಎಲ್ಲಿ, ಎಣ್ಣೆಯ ಗಾಣದವರು ದೀಪಕ್ಕೆ ಎಷ್ಟು ಎಣ್ಣೆ ಕೊಡಬೇಕು ಎಂಬುದನ್ನು ಊರಿಗೆಲ್ಲ ತಿಳಿಸಲೆಂದೇ ನೆಟ್ಟದ್ದು. ಅದನ್ನು ಊರಿಗೆ ಮತ್ತೆ ಓದಿ ಹೇಳುವುದೆಂದರೆ ಶಾಸನವನ್ನು ಅದರ ಮೊದಲ ಕೆಲಸಕ್ಕೆ ಹಚ್ಚಿದಂತೆ.

ಓದದೆ ಉಳಿದ ಕಲ್ಲಿಗೆ ಏನಾಗುತ್ತದೆಂಬುದನ್ನು ಪಂಢರಪುರದಲ್ಲಿ ನೋಡಬಹುದು. ಅಲ್ಲಿನ ವಿಠ್ಠಲ ದೇವಾಲಯದಲ್ಲಿ ‘ಚೌರ್‍ಯಾಐಂಶಿ’ಯ ಶಾಸನವೆಂದು ಹೆಸರಾದ ದೊಡ್ಡ ಕಲ್ಲೊಂದಿದೆ. ಯಾದವ ರಾಮಚಂದ್ರನ ಕಾಲದಲ್ಲಿ, 1273ರಿಂದ 1277ರ ಅವಧಿಯಲ್ಲಿ, ದೇಗುಲಕ್ಕೆ ಕಾಣಿಕೆ ಕೊಟ್ಟವರ ಹೆಸರುಗಳು ಅದರ ಮೇಲಿವೆ. ಆ ಕಲ್ಲಿಗೆ ಬೆನ್ನು ತಿಕ್ಕಿದರೆ ಎಂಬತ್ತನಾಲ್ಕು ಲಕ್ಷ ಜನ್ಮಗಳ ಸುತ್ತು ತಪ್ಪುತ್ತದೆಂಬ ನಂಬಿಕೆಯಿಂದ ತಲೆತಲಾಂತರ ಭಕ್ತರು ಬೆನ್ನು ತಿಕ್ಕುತ್ತ ಬಂದು ಅಕ್ಷರಗಳು ಸವೆದವು. ಭಕ್ತಿಯನ್ನು ನಾವು ಹಳಿಯುವುದಿಲ್ಲ. ಕಲ್ಲು ಪೂಜ್ಯವಾದದ್ದು ಅದರ ಮೇಲೆ ತಮ್ಮಂಥವರದೇ ಹೆಸರುಗಳಿರುವುದರಿಂದ ಎಂದು ಅವರಿಗೆ ಯಾರಾದರೂ ಹೇಳಿದ್ದರೆ, ಬೆನ್ನು ತಿರುಗಿಸುವ ಬದಲು ಮುಖ ಮಾಡಿ ನಿಲ್ಲುತ್ತಿದ್ದರೇನೋ. ಅದೇ ದೇವಾಲಯದ ಸೋಳಖಾಂಬದ ತೊಲೆಯ ಮೇಲೆ ಹೊಯ್ಸಳ ವೀರಸೋಮೇಶ್ವರನ 1237ರ ಶಾಸನವಿದೆ. ಆಷಾಢ ಕಾರ್ತಿಕಗಳಲ್ಲಿ ನಮ್ಮ ಹಳ್ಳಿಗಳಿಂದ ದಿಂಡಿಯೊಡನೆ ನಡೆದು ಹೋಗುವ ಕನ್ನಡ ವಾರಕರಿಗಳು ಅದರ ಕೆಳಗೆಯೇ ಹಾದುಹೋಗುತ್ತಾರೆ. ತಲೆ ಎತ್ತಿ ನೋಡಿರೆಂದು ಅವರಿಗೆ ಹೇಳುವವರಿಲ್ಲ. ನಮ್ಮ ಉಪನ್ಯಾಸಗಳ ಸೋಲನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದೃಶ್ಯ ನಮಗೆ ತಿಳಿಯದು.

ದೂರದ ಬೆಂಗಳೂರಿನಿಂದ ಒಂದು ವಿಪರೀತ ಉದಾಹರಣೆ ಬಂದಿದೆ. ಅಲ್ಲಿಯ ಹೆಬ್ಬಾಳದಲ್ಲಿ 2018ರಲ್ಲಿ, ಸುಮಾರು ಕ್ರಿ.ಶ. 750ರ ಕಾಲದ ಕಿತ್ತಯ್ಯನೆಂಬ ವೀರನ ಕಲ್ಲು ಅಗೆತದಲ್ಲಿ ಹೊರಬಿತ್ತು. ಇತಿಹಾಸಾಸಕ್ತ ನಾಗರಿಕರು ಅದರ ಮಹತ್ವವನ್ನು ಬಡಾವಣೆಯ ಜನರಿಗೆ ತಿಳಿಸಿಹೇಳಿದರು. ಕಲ್ಲನ್ನು ಊರಿಂದ ಹೊರಗೆ ಸಾಗಿಸದೆ ಅಲ್ಲಿಯೇ ಮಂಟಪ ಕಟ್ಟಿ ನಿಲ್ಲಿಸಲಾಯಿತು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ದಾಖಲಿಸುವ ಕೆಲಸಕ್ಕೆ ತೊಡಗಿತು. ಇದರಿಂದ ನಾವು ಕಲಿಯಬೇಕಾದದ್ದು ಯಂತ್ರವನ್ನಲ್ಲ, ಕ್ರಮವನ್ನು: ಮೊದಲು ಕಲ್ಲು, ಆಮೇಲೆ ಕಲ್ಲಿನ ನೆರೆಹೊರೆಯವರು, ಅವರ ನಡುವೆ ಮಾತು.

ಇಷ್ಟು ದೋಷವಿಚಾರ ಮಾಡಿದ ಮೇಲೆ ಏನು ಮಾಡಬಹುದೆಂಬುದನ್ನೂ ಹೇಳುವುದು ನ್ಯಾಯ. ವಿಮರ್ಶೆ ದಾರಿ ತೋರದಿದ್ದರೆ ಬೇಸರದ ಮಾತಾಗಿ ಉಳಿಯುತ್ತದೆ. ಸಂಘವು ವರ್ಷಕ್ಕೆ ಐದು ಸಂಜೆಗಳ ಒಂದು ಮಾಲೆಯನ್ನು ಕೈಗೊಳ್ಳಲಿ. ಒಂದು ಸಂಜೆಗೆ ಒಂದೇ ವಸ್ತು. ಒಂದು ಸಂಜೆ ಸಿದ್ಧರಾಮನ ಕೆರೆ, ಒಂದು ಸಂಜೆ ಕೂಡಲದ ಶಾಸನ, ಒಂದು ಸಂಜೆ ಅಕ್ಕಲಕೋಟದ ಶಸ್ತ್ರಾಗಾರದ ಒಂದು ಆಯುಧ, ಒಂದು ಸಂಜೆ ಪಂಢರಪುರದ ಸೋಳಖಾಂಬ. ಐದನೆಯ ಸಂಜೆ ನಮ್ಮ ಕಾಲಕ್ಕೆ ಹತ್ತಿರದ ವಸ್ತುವೊಂದಿರಲಿ. 1877ರಲ್ಲಿ ಆರಂಭವಾಗಿ ಜನರ ಬಾಯಲ್ಲಿ ‘ಜುನಿ ಮಿಲ್’ ಆದ ಗಿರಣಿಯ ಭೋಂಗಾ ಕೇಳಿ ಎದ್ದವರು ನಮ್ಮ ಸಂಘದ ಮನೆಗಳಲ್ಲಿ ಇನ್ನೂ ಇದ್ದಾರೆ. 1930ರ ಮಾರ್ಶಲ್ ಲಾ ದಿನಗಳ ಬಳಿಕ, 1931ರ ಜನವರಿ 12ರಂದು ಯರವಡಾ ಕಾರಾಗೃಹದಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಈ ನಾಲ್ವರ ಹೆಸರುಗಳಲ್ಲಿಯೇ ಸೊಲ್ಲಾಪುರದ ಭಾಷೆ, ಜಾತಿ, ಮತಗಳ ಸಂಗಮವಿದೆ. ನಾಲ್ಕು ಹುತಾತ್ಮರ ಚೌಕದಲ್ಲಿ ದಿನವೂ ಹಾದುಹೋಗುವ ಮಗುವಿಗೆ ಈ ಹೆಸರುಗಳನ್ನು ಬಿಡಿಸಿ ಹೇಳುವುದೂ ಸ್ಥಳೀಯ ಇತಿಹಾಸವೇ.

ಉಪನ್ಯಾಸ ನಲವತ್ತು ನಿಮಿಷ ಮೀರದಿರಲಿ. ಅದರಲ್ಲಿ ಹತ್ತು ನಿಮಿಷ ಪಡಿಯಚ್ಚನ್ನೋ ಚಿತ್ರವನ್ನೋ ಮುಂದಿಟ್ಟು ಅಕ್ಷರ ಅಕ್ಷರ ಓದಿಸುವುದಕ್ಕೆ ಮೀಸಲಿರಲಿ. ವಕ್ತಾರರು ಕನ್ನಡದಲ್ಲಿ ಮಾತಾಡಿದರೆ ಸಾರಾಂಶವನ್ನು ಮರಾಠಿಯಲ್ಲಿ ನಮ್ಮ ಯುವಕರೇ ಹೇಳಲಿ. ಮರಾಠಿ ವಕ್ತಾರರು ಬಂದಾಗ ಕನ್ನಡದಲ್ಲಿ ಹೇಳಲಿ. ಎರಡು ಭಾಷೆ ಬಲ್ಲ ಮಕ್ಕಳಿಗೆ ತಮ್ಮಲ್ಲಿರುವುದು ಕೊರತೆಯಲ್ಲ, ಶಕ್ತಿ ಎಂದು ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಆ ಸ್ಥಳಕ್ಕೆ ಹೋಗಿ ಬರಲಿ. ಸ್ಮರಣಸಂಚಿಕೆಯಲ್ಲಿ ವಕ್ತಾರರ ಭಾಷಣದ ಜೊತೆಗೆ ಶ್ರೋತೃಗಳು ಕೇಳಿದ ಪ್ರಶ್ನೆಗಳನ್ನೂ ಅಚ್ಚು ಹಾಕಲಿ, ಉತ್ತರ ಸಿಗದ ಪ್ರಶ್ನೆಗಳನ್ನು ಹಾಗೆಯೇ ಬಿಡಲಿ. ಮುಂದಿನ ವರ್ಷದ ಉಪನ್ಯಾಸ ಆ ಪ್ರಶ್ನೆಗಳಿಂದಲೇ ಆರಂಭವಾಗಬಹುದು.

ಇದಕ್ಕೆ ಒಂದು ಆಕ್ಷೇಪ ಬರುವುದುಂಟು. ಗಡಿನಾಡಿನಲ್ಲಿ ಕನ್ನಡದ ಉಳಿವೇ ಕಷ್ಟವಾಗಿರುವಾಗ ಅಭಿಮಾನವನ್ನು ಬಡಿದೆಬ್ಬಿಸುವ ಮಾತು ಬೇಕು, ಇಂಥ ಸೂಕ್ಷ್ಮ ಪರೀಕ್ಷೆ ನಮ್ಮ ಪರಿಸ್ಥಿತಿಗೆ ಸಲ್ಲದು ಎಂದು ಹಿರಿಯರು ಹೇಳುತ್ತಾರೆ. ಅವರ ಆತಂಕ ನಿಜವಾದದ್ದು. ಕನ್ನಡ ಶಾಲೆಯ ಹಾಜರಿ ಪುಸ್ತಕವನ್ನು ನೋಡಿದವರಿಗೆ ಅದು ಅರ್ಥವಾಗುತ್ತದೆ. ಆದರೆ ಬಡಿದೆಬ್ಬಿಸಿದ ಅಭಿಮಾನ ಸಭೆ ಮುಗಿದ ಮೇಲ್ಗಡೆ ಮತ್ತೆ ಮಲಗುವುದನ್ನು ನಾವು ಎಷ್ಟೋ ವರ್ಷಗಳಿಂದ ಕಂಡಿದ್ದೇವೆ. ತಾನೇ ಓದಿದ ಒಂದು ಅಕ್ಷರದಿಂದ ಹುಟ್ಟಿದ ಅಭಿಮಾನಕ್ಕೆ ಪ್ರತಿವರ್ಷ ಎಬ್ಬಿಸುವವರು ಬೇಕಾಗುವುದಿಲ್ಲ.

ನಮ್ಮ ಮೊಮ್ಮಗಳಿಗೆ ಈಗ ಹಳಗನ್ನಡದ ಏಳೆಂಟು ಅಕ್ಷರಗಳು ಪರಿಚಯವಾಗಿವೆ. ಅವಳ ಶಾಲೆಯ ಮಾಧ್ಯಮ ಮರಾಠಿ. ಹೋದ ಬೇಸಿಗೆಯಲ್ಲಿ ಅವಳು ತನ್ನ ಮರಾಠಿ ಗೆಳತಿಯನ್ನು ಕರೆದುಕೊಂಡು ಆ ಕಲ್ಲಿನ ಹತ್ತಿರ ಹೋಗಿದ್ದಳು. ಏನು ಹೇಳಿದಿ ಎಂದು ನಾವು ಕೇಳಿದೆವು. “ಇದು ‘ರ’, ಇದು ‘ಮ’ ಅಂತ ತೋರಿಸಿದೆ. ಉಳಿದದ್ದು ನನಗೂ ಬರೂದಿಲ್ಲ, ಇಬ್ಬರೂ ಕೂಡಿ ಕಲಿಯೋಣ ಅಂದೆ” ಎಂದಳು. ನಾವು ಕೇಳಿದ ಇತಿಹಾಸೋಪನ್ಯಾಸಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ಪ್ರಾಮಾಣಿಕವೂ ಆದದ್ದು ಇನ್ನೊಂದಿಲ್ಲ.